ಜಟಕಾಕ್ಕೆ ಬಣ್ಣ ಬಳಿದವರ ಬಯೋಡೇಟಾ

ಬಯೋಡೇಟಾ ಹೀಗಿದೆ. ವಯಸ್ಸು ಇಪ್ಪತ್ತರ ಆಸುಪಾಸು. ಊರು ಕೋಲಾರ ಜಿಲ್ಲೆಯ ಮುಳಬಾಗಿಲು. ವಿದ್ಯಾಭ್ಯಾಸ ಮೆಟ್ರಿಕ್ಯುಲೇಷನ್ ಫೇಲ್. ಅನುಭವದ ಕಾಲಂನಲ್ಲಿ ಊರಿನ ಶಾಲೆಯಲ್ಲಿ ಸ್ವಲ್ಪ ಕಾಲ ಬದಲಿ ಮೇಷ್ಟರು, ಆಮೇಲೆ ಚಿನ್ನದ ಗಣಿಯ ಕಡೆ ಒಂದು ಸೋಡಾ ಕಾರ್ಖಾನೆ, ಅದೂ ಕೈಬಿಟ್ಟು ಬೆಂಗಳೂರಿಗೆ ಬಂದು ಜಟಕಾ ಗಾಡಿಗೆ ಬಣ್ಣ ಬಳಿಯುವ ಕೆಲಸ.

ಈ ಬಯೋಡೇಟಾ ಇವತ್ತು ಮೈಸೂರಿನ ಹೂಟಗಳ್ಳಿಯಲ್ಲೋ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲೋ ಯಾರ ಟೇಬಲ್ಲಿಗೆ ಬಂದರೂ ಏನಾಗುತ್ತದೆ ಅಂತ ನನಗೆ ಗೊತ್ತು. ಯಾಕೆಂದರೆ ಅಂಥ ಒಂದು ಟೇಬಲ್ಲಿನ ಪಕ್ಕದಲ್ಲೇ ನಾನು ಕೂರುತ್ತೇನೆ. ಲೆಕ್ಕಪತ್ರ ವಿಭಾಗದಲ್ಲಿ ಸಹಾಯಕಿಯಾಗಿ ಸೇರಿ ಒಂದು ವರ್ಷ ದಾಟಿತು. ಇಂಟರ್‌ವ್ಯೂ ಇರುವ ದಿನ ಬಂದವರ ಫಾರಂ ಪಡೆದುಕೊಳ್ಳುವುದು, ಒಬ್ಬೊಬ್ಬರನ್ನೇ ಒಳಗೆ ಕಳಿಸುವುದು, ಆಮೇಲೆ ಸಾಹೇಬರ ಪಕ್ಕ ಕೂತು ಅಂಕದ ಪಟ್ಟಿ ಬರೆಯುವುದು ನನ್ನ ಪಾಲಿಗೆ ಬಂದಿದೆ. ಮೇಲೆ ಹೇಳಿದ ಬಯೋಡೇಟಾ ಎಡಗಡೆಯ ಕಟ್ಟಿಗೆ ಹೋಗುತ್ತದೆ. ಎಡಗಡೆಯ ಕಟ್ಟನ್ನು ಸಂಜೆ ಯಾರೂ ಬಿಚ್ಚುವುದಿಲ್ಲ.

ಆ ಹುಡುಗ ಡಿ.ವಿ. ಗುಂಡಪ್ಪ. ನಮ್ಮೆಲ್ಲರ ಡಿವಿಜಿ. ಬದುಕನ್ನು ಜಟಕಾ ಬಂಡಿಗೆ ಹೋಲಿಸಿದ ಅವರ ಪದ್ಯ ಸರ್ಕಾರಿ ಶಾಲೆಯ ಗೋಡೆಯಿಂದ ಹಿಡಿದು ವಾಟ್ಸ್‌ಆ್ಯಪ್ ಸ್ಟೇಟಸ್‌ವರೆಗೆ ಎಲ್ಲ ಕಡೆ ಇದೆ. ಅದನ್ನು ಬರೆದವರು ಹೊಟ್ಟೆಪಾಡಿಗೆ ಜಟಕಾಗಳಿಗೆ ನಿಜವಾಗಿಯೂ ಬಣ್ಣ ಬಳಿದಿದ್ದರು ಅನ್ನುವುದು ಎಷ್ಟು ಜನಕ್ಕೆ ಗೊತ್ತೋ ಕಾಣೆ. ನನಗೂ ಡಿಗ್ರಿ ಮುಗಿಯುವವರೆಗೆ ಗೊತ್ತಿರಲಿಲ್ಲ. ಕೆಲಸ ಹುಡುಕುತ್ತಿದ್ದ ಆರೇಳು ತಿಂಗಳು ತಾಲ್ಲೂಕು ಗ್ರಂಥಾಲಯದಲ್ಲಿ ಕೂತು ಪೇಪರಿನ ಜಾಹೀರಾತು ನೋಡುವುದು, ಅದು ಮುಗಿದ ಮೇಲೆ ಕೈಗೆ ಸಿಕ್ಕ ಪುಸ್ತಕ ಓದುವುದು ಮಾಡುತ್ತಿದ್ದೆ. ಹಾಗೆ ಸಿಕ್ಕಿದವರು ಇವರು. ಅವರ ದೊಡ್ಡ ಪುಸ್ತಕಗಳನ್ನೆಲ್ಲ ನಾನು ಓದಿಲ್ಲ. ಕೆಲಸ ಸಿಗದೆ ತಿರುಗಿದ ಅವರ ದಿನಗಳು ಮಾತ್ರ ತಲೆಯಲ್ಲಿ ಕೂತುಬಿಟ್ಟವು.

ಡಿವಿಜಿ ಹುಟ್ಟಿದ್ದು 1887ರ ಮಾರ್ಚ್ 17ರಂದು. ಆಗ ಮೈಸೂರು ವಿಶ್ವವಿದ್ಯಾನಿಲಯ ಇರಲಿಲ್ಲ, ಅದು ಬಂದದ್ದು 1916ರಲ್ಲಿ. ಮೆಟ್ರಿಕ್ ಅನ್ನುವುದು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆ. ಅದೊಂದು ಗೇಟು. ದಾಟಿದವನು ಕಚೇರಿಯಲ್ಲಿ ಗುಮಾಸ್ತನಾಗಬಹುದು, ಮುಂದಕ್ಕೆ ಓದಬಹುದು. ದಾಟದವನಿಗೆ ಸರ್ಕಾರಿ ಕೆಲಸದ ಆಸೆ ಅಲ್ಲಿಗೆ ಮುಗಿಯಿತು. ಡಿವಿಜಿ ದಾಟಲಿಲ್ಲ. ಶಾಲೆಯ ಓದು ಅಲ್ಲಿಗೆ ನಿಂತಿತು. ಮನೆಯಲ್ಲಿ ಅನುಕೂಲ ಇದ್ದವರಲ್ಲ, ಕೂತು ಮತ್ತೆ ಮತ್ತೆ ಪರೀಕ್ಷೆ ಕಟ್ಟುವ ಹಾಗಿರಲಿಲ್ಲ.

ಚಿನ್ನದ ಗಣಿ ಅಂದರೆ ಆ ಕಾಲಕ್ಕೆ ಇವತ್ತಿನ ಎಲೆಕ್ಟ್ರಾನಿಕ್ ಸಿಟಿ ಇದ್ದ ಹಾಗೆ. ಶಿವನಸಮುದ್ರದಲ್ಲಿ ತಯಾರಾದ ಕರೆಂಟು 1902ರಲ್ಲಿ ಮೊದಲು ಹೋದದ್ದು ಕೆಜಿಎಫ್‌ಗೆ. ಬೆಂಗಳೂರಿಗೂ ಮೊದಲು. ಇಂಗ್ಲಿಷ್ ಕಂಪನಿಗಳು, ಸಾವಿರಾರು ಕೂಲಿಗಳು, ದುಡ್ಡು ಓಡಾಡುವ ಜಾಗ. ಆದರೆ ನಮ್ಮ ಹುಡುಗನಿಗೆ ಅಲ್ಲಿ ಸಿಕ್ಕಿದ್ದು ಗಣಿ ಕಂಪನಿಯ ಕುರ್ಚಿ ಅಲ್ಲ, ಸೋಡಾ ಕಾರ್ಖಾನೆ. ಸಂಸ್ಕೃತ ಕಾವ್ಯ ಓದುವ ಹುಚ್ಚಿದ್ದ ಹುಡುಗ ಸೋಡಾ ಕಾರ್ಖಾನೆಯಲ್ಲಿ ನಿಂತದ್ದನ್ನು ಊಹಿಸಿಕೊಂಡರೆ ನನಗೆ ನಗುವೂ ಬರುತ್ತದೆ, ಒಂಥರಾ ಧೈರ್ಯವೂ ಬರುತ್ತದೆ. ಅಲ್ಲಿಂದ ಬೆಂಗಳೂರು, ಅಲ್ಲಿ ಬಣ್ಣದ ಬ್ರಷ್ಷು.

ಇಲ್ಲಿಗೆ ನಿಲ್ಲಿಸಿ ನಮ್ಮ ಕಡೆಗೆ ಬರುತ್ತೇನೆ.

ನಾವು ನಾಲ್ಕು ಜನ ಒಟ್ಟಿಗೆ ಇಂಟರ್‌ವ್ಯೂಗಳಿಗೆ ಹೋಗುತ್ತಿದ್ದೆವು. ನಾನು ಪಿರಿಯಾಪಟ್ಟಣ ತಾಲ್ಲೂಕಿನವಳು. ಒಬ್ಬ ಹುಣಸೂರಿನವನು, ಒಬ್ಬ ಕೆ.ಆರ್. ನಗರದವನು, ಇನ್ನೊಬ್ಬಳು ಎಚ್.ಡಿ. ಕೋಟೆಯ ಹತ್ತಿರದ ಹಳ್ಳಿಯವಳು. ನಾಲ್ಕು ದಿಕ್ಕಿನಿಂದ ಬೆಳಗಿನ ಬಸ್ಸು ಹಿಡಿದು ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ ಸೇರುವುದು, ಅಲ್ಲಿಂದ ಸಿಟಿ ಬಸ್ಸು. ಕೆ.ಆರ್. ನಗರದವನು ಮಾತ್ರ ಕೆಲವೊಮ್ಮೆ ರೈಲಿನಲ್ಲಿ ಬಂದು ನಮ್ಮ ಮುಂದೆ ಜಂಬ ಮಾಡುತ್ತಿದ್ದ. ಒಂದು ಕಡೆಯಂತೂ ಬೆಳಗ್ಗೆ ಒಂಬತ್ತಕ್ಕೆ ಕರೆದು, ಸಂಜೆ ನಾಲ್ಕೂವರೆವರೆಗೆ ನೀರೂ ಕೇಳದೆ ಕೂರಿಸಿ, ಇವತ್ತು ಸಾಹೇಬರು ಬರೋದಿಲ್ಲ ಅಂತ ವಾಪಸ್ ಕಳಿಸಿದರು. ಇನ್ನೊಂದು ಕಡೆ ಕೆಲಸ ಖಾತ್ರಿ, ಮೊದಲು ತರಬೇತಿಗೆ ಹಣ ಕಟ್ಟಿ ಅಂದರು. ನಾವು ಎದ್ದು ಬಂದೆವು. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು. ನಿಮ್ಮ ಹತ್ತಿರವೇ ಕೇಳಿದರೆ ಅದು ಕೆಲಸವಲ್ಲ. ಇದನ್ನು ಓದುತ್ತಿರುವ ತಮ್ಮ ತಂಗಿಯರು ಇದೊಂದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಎಲ್ಲ ಕಡೆಯೂ ನಾವು ಬಿದ್ದದ್ದು ಒಂದೇ ಗುಂಡಿಗೆ. ಅನುಭವ ಏನಿದೆ? ಕೋಟೆಯ ಗೆಳತಿ ಪ್ರತಿ ಸಲವೂ ಇಲ್ಲ ಸಾರ್ ಅನ್ನುತ್ತಿದ್ದಳು. ಅಷ್ಟೇ. ಆಮೇಲೆ ಎದುರಿಗಿದ್ದವರಿಗೂ ಕೇಳಲು ಏನೂ ಉಳಿಯುತ್ತಿರಲಿಲ್ಲ. ಅವಳ ಮನೆಯಲ್ಲಿ ಯುಗಾದಿಯವರೆಗೆ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಕೆಲಸ ಆದರೆ ಸರಿ, ಇಲ್ಲದಿದ್ದರೆ ಮಾವನ ಕಡೆಯ ಸಂಬಂಧ ಮಾತಾಡುವುದು ಅಂತ. ಹಾಗಾಗಿ ಅವಳ ಇಲ್ಲ ಸಾರ್ ಅನ್ನುವ ಎರಡು ಪದಕ್ಕೆ ಎಷ್ಟು ಬೆಲೆ ಇತ್ತು ಅಂತ ನಮಗೆ ಮೂವರಿಗೂ ಗೊತ್ತಿತ್ತು.

ಈಗ ಟೇಬಲ್ಲಿನ ಈ ಕಡೆ ಕೂತು ನೋಡಿದ ಮೇಲೆ ಒಂದು ವಿಷಯ ತಿಳಿದಿದೆ. ಡಿಗ್ರಿ ಮುಗಿಸಿ ಮೊದಲ ಸಲ ಬಂದವರಿಗೆ ಅನುಭವ ಇರುವುದಿಲ್ಲ ಅನ್ನುವುದು ಕೇಳುವವರಿಗೂ ಗೊತ್ತಿರುತ್ತದೆ. ಫಾರಂನಲ್ಲೇ ಫ್ರೆಷರ್ ಅಂತ ಬರೆದಿರುತ್ತದಲ್ಲ. ಆದರೂ ಕೇಳುತ್ತಾರೆ. ಅವರಿಗೆ ಬೇಕಾದದ್ದು ಬೇರೆ. ಹೇಳಿದ ಕೆಲಸವನ್ನು ಈ ಹುಡುಗಿ ಮಾಡಿ ಮುಗಿಸುತ್ತಾಳಾ, ನಾಳೆ ಹೇಳದೆ ಕೇಳದೆ ಬಿಟ್ಟುಹೋಗುತ್ತಾಳಾ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳುತ್ತಾಳಾ, ಇಷ್ಟು. ಇದಕ್ಕೆ ಪುರಾವೆಯನ್ನು ಎಲ್ಲಿಂದಾದರೂ ಕೊಡಬಹುದು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಕೆಲಸ ಮಾಡದೆ ಬೆಳೆದ ಮಕ್ಕಳು ಎಷ್ಟು ಜನ ಇದ್ದಾರೆ ಹೇಳಿ?

ನಮ್ಮ ಮನೆಯಲ್ಲಿ ಹೊಗೆಸೊಪ್ಪು. ಸೊಪ್ಪು ಮುರಿಯುವ ಕಾಲ ಬಂತೆಂದರೆ ಶಾಲೆ, ಕಾಲೇಜು ಯಾವುದೂ ಲೆಕ್ಕಕ್ಕಿಲ್ಲ. ಕಡ್ಡಿಗೆ ಸೊಪ್ಪು ಕಟ್ಟಬೇಕು, ಬ್ಯಾರನ್‌ಗೆ ಏರಿಸಬೇಕು, ಐದಾರು ರಾತ್ರಿ ನಿದ್ದೆಗೆಟ್ಟು ಬೆಂಕಿ ನೋಡಬೇಕು. ಶಾಖ ಒಂದು ಹಂತದಿಂದ ಇನ್ನೊಂದು ಹಂತಕ್ಕೆ ನಿಧಾನವಾಗಿ ಏರಬೇಕು. ಆತುರ ಮಾಡಿದರೆ ಎಲೆ ಕಪ್ಪಾಗಿ ಗ್ರೇಡು ಬೀಳುತ್ತದೆ, ಹರಾಜು ಕಟ್ಟೆಯಲ್ಲಿ ಇಡೀ ವರ್ಷದ ದುಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಪ್ಪ ಥರ್ಮಾಮೀಟರ್ ನೋಡಿ ಹೇಳಿದ್ದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಯಾವ ರಾತ್ರಿ ಎಷ್ಟು ಸೌದೆ, ಯಾವ ಹೊತ್ತಿಗೆ ಎಷ್ಟು ಡಿಗ್ರಿ, ಕೊನೆಗೆ ಯಾವ ಬೇಲಿಗೆ ಎಷ್ಟು ಬೆಲೆ. ನನ್ನ ಈಗಿನ ಕೆಲಸದ ಇಂಟರ್‌ವ್ಯೂನಲ್ಲಿ ಅನುಭವ ಕೇಳಿದಾಗ ಈ ನೋಟ್‌ಬುಕ್ಕಿನ ಕತೆ ಹೇಳಿದೆ. ಕೇಳುತ್ತಿದ್ದ ಸಾಹೇಬರು ಪೆನ್ನು ಕೆಳಗಿಟ್ಟು, ಸೌದೆಯ ಖರ್ಚು ಕಳೆದರೆ ಕಿಲೋಗೆ ಏನು ಉಳಿಯುತ್ತಿತ್ತು ಅಂತ ಕೇಳಿದರು. ಹೇಳಿದೆ. ಆಮೇಲಿನ ಹತ್ತು ನಿಮಿಷ ಅದೇ ಮಾತು.

ಹಾಗೆ ಹೇಳುವ ಧೈರ್ಯ ಡಿವಿಜಿಯಿಂದ ಬಂತು ಅಂದರೆ ದೊಡ್ಡ ಮಾತಾದೀತು. ಆದರೆ ಸೋಡಾ ಕಾರ್ಖಾನೆ, ಜಟಕಾ ಬಣ್ಣ ಇವು ಅವರ ಜೀವನಚರಿತ್ರೆಯಲ್ಲಿ ಮುಚ್ಚಿಟ್ಟ ಪುಟಗಳಲ್ಲ ಅನ್ನುವುದು ನನ್ನ ಮನಸ್ಸಿನಲ್ಲಿ ಇದ್ದೇ ಇತ್ತು.

ಬಣ್ಣ ಬಳಿಯುವ ಕೆಲಸದಿಂದ ಅವರು ಪತ್ರಿಕೆಗಳ ಕಡೆ ಹೊರಳಿದರು. ಸರ್ಟಿಫಿಕೇಟು ಕೇಳದೆ ಬರಹ ಕೇಳುವ ಜಾಗ ಅದೊಂದೇ ಅಂತ ಅವರಿಗೆ ಅನ್ನಿಸಿರಬೇಕು ಅನ್ನುವುದು ನನ್ನ ಊಹೆ. ಸಂಬಳ ಅಷ್ಟಕ್ಕಷ್ಟೆ. ಪತ್ರಿಕೆಗಳು ಹುಟ್ಟುತ್ತಿದ್ದವು, ಸಾಯುತ್ತಿದ್ದವು. ಜೊತೆಗೆ 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಿತು. ಅದನ್ನು ವಿರೋಧಿಸಿ ಮೈಸೂರಿನ ತಾತಯ್ಯ, ಅಂದರೆ ಎಂ. ವೆಂಕಟಕೃಷ್ಣಯ್ಯನವರು, ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ತಾತಯ್ಯನವರು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಮಗ್ಗೆಯವರು. ಈ ವಿಷಯ ಹೇಳಿದ ದಿನ ಕೋಟೆಯ ಗೆಳತಿ ಬಸ್ಸಿನಲ್ಲೇ ಕಾಲರ್ ಇಲ್ಲದ ಚೂಡಿದಾರಕ್ಕೆ ಕಾಲರ್ ಎತ್ತಿದಳು. ಅನುಭವಿಗಳೇ ಪತ್ರಿಕೆ ಮುಚ್ಚುತ್ತಿದ್ದ ಆ ಕಾಲದಲ್ಲಿ, ಹೊಸಬನೊಬ್ಬ ಅದೇ ಉದ್ಯೋಗಕ್ಕೆ ಬಂದು ಕೂತಿದ್ದ.

ಓದು ಮಾತ್ರ ನಿಲ್ಲಿಸಲಿಲ್ಲ. ಹಾನಗಲ್ಲು ವಿರೂಪಾಕ್ಷ ಶಾಸ್ತ್ರಿಗಳಂಥ ವಿದ್ವಾಂಸರ ಹತ್ತಿರ ಹೋಗಿ ವೇದಾಂತ ಪಾಠ ಕೇಳಿದರು. ಇಂಗ್ಲಿಷಿನ ರಾಜ್ಯಶಾಸ್ತ್ರದ ಪುಸ್ತಕಗಳನ್ನು ತಾವೇ ಓದಿಕೊಂಡರು. ಸುಮ್ಮನೆ ಓದಲಿಲ್ಲ, ಬರೆದು ಕೈಯಲ್ಲಿ ಇಟ್ಟುಕೊಂಡರು. ಮೈಸೂರಿನ ದಿವಾನರಾಗಿದ್ದ ರಂಗಾಚಾರ್ಲು ಅವರ ಜೀವನಚರಿತ್ರೆಯನ್ನು ಇನ್ನೂ ಹರೆಯದಲ್ಲೇ ಬರೆದರು. 1913ರ ಹೊತ್ತಿಗೆ ಕರ್ನಾಟಕ ಅನ್ನುವ ಹೆಸರಿನ ಪತ್ರಿಕೆ ನಡೆಸುತ್ತಿದ್ದರು. ಅದು ಇಂಗ್ಲಿಷ್ ಪತ್ರಿಕೆ. ಮೆಟ್ರಿಕ್ ದಾಟದ ಹುಡುಗ ನಡೆಸಿದ ಇಂಗ್ಲಿಷ್ ಪತ್ರಿಕೆಯನ್ನು ದಿವಾನರ ಕಚೇರಿ ಓದುತ್ತಿತ್ತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಪರಿಚಯ ಆದದ್ದು, ಬೆಳೆದದ್ದು ಬರಹದ ಮೂಲಕವೇ.

ನಮ್ಮ ಕಡೆಯ ಮಕ್ಕಳಿಗೆ ಇಂಟರ್‌ವ್ಯೂ ಅಂದರೆ ಅರ್ಧ ಭಯ ಇಂಗ್ಲಿಷಿನದು. ಅದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಮೊನ್ನೆ ಒಂದೇ ದಿನ ಏಳು ಜನ ಒಂದೇ ಯೂಟ್ಯೂಬ್ ವಿಡಿಯೊದಿಂದ ಕಲಿತ ಒಂದೇ ಪರಿಚಯದ ಮಾತನ್ನು ಒಂದಕ್ಷರ ಬದಲಿಲ್ಲದೆ ಒಪ್ಪಿಸಿದರು. ಮೂರನೆಯವನ ಹೊತ್ತಿಗೇ ಸಾಹೇಬರು ಕಿಟಕಿಯ ಕಡೆ ನೋಡತೊಡಗಿದ್ದರು. ಎಂಟನೆಯವಳು ಹುಣಸೂರಿನ ಕಡೆಯವಳು, ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ತಡವರಿಸುತ್ತಾ ತನ್ನ ಊರು, ತಾನು ಮಾಡಿದ ಪ್ರಾಜೆಕ್ಟು ಹೇಳಿದಳು. ನಡುವೆ ಪದ ಸಿಗದಾಗ ಕನ್ನಡದಲ್ಲಿ ಹೇಳಬಹುದಾ ಅಂತ ಕೇಳಿ ಕನ್ನಡದಲ್ಲೇ ಮುಗಿಸಿದಳು. ಅವಳಿಗೆ ಬಂದ ಅಂಕ ನಾನೇ ಬರೆದೆ, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ. ಎಲ್ಲ ಕಡೆಯೂ ಹೀಗೇ ಇರುತ್ತದೆ ಅನ್ನಲಾರೆ. ಕಾಲ್ ಸೆಂಟರ್ ಕೆಲಸಕ್ಕೆ ಹೋಗಿ ಕನ್ನಡದಲ್ಲಿ ಹೇಳುತ್ತೇನೆ ಅಂದರೆ ನಡೆಯುವುದಿಲ್ಲ. ಅಂಥ ಕೆಲಸ ಬೇಕಿದ್ದರೆ ಡಿವಿಜಿಯ ಹಾಗೆ ದಿನಾ ಓದಿ ದಿನಾ ಬರೆಯಬೇಕು, ಬೇರೆ ದಾರಿ ಇಲ್ಲ.

ಇಲ್ಲೊಂದು ಉಪಕತೆ. ಡಿವಿಜಿ ಹುಟ್ಟಿದ ವರ್ಷವೇ, ಡಿಸೆಂಬರ್ 22ರಂದು, ಈರೋಡಿನಲ್ಲಿ ಹುಟ್ಟಿದವರು ಶ್ರೀನಿವಾಸ ರಾಮಾನುಜನ್. ಅವರೂ ಫೇಲಾದವರೇ. ಗಣಿತ ಬಿಟ್ಟರೆ ಬೇರೆ ವಿಷಯ ಓದದೆ ಎಫ್.ಎ. ಪರೀಕ್ಷೆ ಕೈಕೊಟ್ಟಿತ್ತು. ಗಣಿತದ ನೋಟ್‌ಬುಕ್ಕು ಕಂಕುಳಲ್ಲಿ ಇಟ್ಟುಕೊಂಡು ದೊಡ್ಡವರ ಮನೆ ಬಾಗಿಲಿಗೆ ಅಲೆದರು. 1910ರ ಕೊನೆಗೆ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಆ ನೋಟ್‌ಬುಕ್ಕು ನೋಡಿ ಮೊದಲು ನಂಬಲಿಲ್ಲ. ಆಮೇಲೆ ನಂಬಿ ತಿಂಗಳಿಗೆ ಇಷ್ಟು ಅಂತ ಸಹಾಯ ಕೊಟ್ಟರು. ಆದರೆ ಕೂತು ತಿನ್ನುವುದು ರಾಮಾನುಜನ್‌ಗೆ ಒಗ್ಗಲಿಲ್ಲ. 1912ರ ಫೆಬ್ರುವರಿ 9ರಂದು ಮದರಾಸು ಬಂದರು ಕಚೇರಿಗೆ ಗುಮಾಸ್ತೆ ಕೆಲಸಕ್ಕೆ ಅರ್ಜಿ ಬರೆದರು. ಆ ಅರ್ಜಿ ನನಗೆ ಬಹಳ ಇಷ್ಟ. ಮೆಟ್ರಿಕ್ ಆಗಿದೆ, ಎಫ್.ಎ.ವರೆಗೆ ಓದಿದೆ, ಅನಾನುಕೂಲದಿಂದ ಮುಂದುವರಿಸಲಾಗಲಿಲ್ಲ, ಆ ಕಾಲವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ, ಈ ಕೆಲಸವನ್ನು ಸರಿಯಾಗಿ ಮಾಡಬಲ್ಲೆ ಎಂಬ ವಿಶ್ವಾಸ ಇದೆ ಅನ್ನುವುದು ಅದರ ಸಾರ. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರೊಫೆಸರ್ ಮಿಡಲ್‌ಮಾಸ್ಟ್ ಅವರ ಶಿಫಾರಸು. ಮಾರ್ಚ್ 1ಕ್ಕೆ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ 30 ರೂಪಾಯಿ. ಮುಂದಿನ ವರ್ಷದ ಜನವರಿಯಲ್ಲಿ ಕೇಂಬ್ರಿಡ್ಜಿನ ಹಾರ್ಡಿಗೆ ಕಾಗದ ಬರೆದದ್ದು ಇದೇ ಗುಮಾಸ್ತೆ. ನಮ್ಮ ರೆಸ್ಯೂಮ್‌ಗಳಲ್ಲಿ ಓದು ಬಿಟ್ಟ ವರ್ಷ, ಫೇಲಾದ ಸಬ್ಜೆಕ್ಟು ಇದ್ದರೆ ಅಕ್ಷರ ಚಿಕ್ಕದು ಮಾಡಿ, ಸಾಲು ಅದಲುಬದಲು ಮಾಡಿ ಅಡಗಿಸುತ್ತೇವೆ. ಕೇಳುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಒಂದೇ ಸಾಲಿನಲ್ಲಿ ನಿಜ ಹೇಳಿ, ಆ ವರ್ಷ ಏನು ಮಾಡಿದೆ ಅಂತ ಹೇಳಿದವರ ಮೇಲೆ ಮುಂದಿನ ಪ್ರಶ್ನೆ ಬರುವುದು ಕಡಿಮೆ.

ಮತ್ತೆ ಡಿವಿಜಿ. ಸಂಬಳದ ವಿಷಯಕ್ಕೆ ಬಂದರೆ ಅವರನ್ನು ಅನುಸರಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸರ್ಕಾರದಿಂದ ಬಂದ ಸಂಭಾವನೆಯನ್ನು ಪತ್ರಕರ್ತ ತೆಗೆದುಕೊಳ್ಳಬಾರದು ಅಂತ ವಾಪಸ್ ಮಾಡಿದವರು ಅವರು. 1970ರಲ್ಲಿ ಸನ್ಮಾನ ಮಾಡಿ ಜನ ಕೊಟ್ಟ ದೊಡ್ಡ ನಿಧಿಯನ್ನು ಪೂರ್ತಿ ತಾವು ಕಟ್ಟಿದ ಸಂಸ್ಥೆಗೆ ಕೊಟ್ಟುಬಿಟ್ಟರು. ಕೇಳಲು ಚೆನ್ನಾಗಿದೆ. ಆದರೆ ಮನೆಯ ಒಳಗಿನ ಕತೆಯೂ ಒಂದಿದೆ, ಪ್ರಸಿದ್ಧವಾದದ್ದೇ. ಹತ್ತಿರದವರ ಮನೆಯ ಸಮಾರಂಭಕ್ಕೆ ಅವರ ಹೆಂಡತಿ ಭಾಗೀರಥಮ್ಮನವರು ಹೋಗಲಿಲ್ಲ. ಯಾಕೆಂದರೆ ಉಡಲು ಇದ್ದ ಸೀರೆ ಹರಿದಿತ್ತು; ಅದನ್ನು ಉಟ್ಟುಕೊಂಡು ನಾಲ್ಕು ಜನರ ಮುಂದೆ ಹೋದರೆ ಗಂಡನ ಮರ್ಯಾದೆಗೆ ಕುಂದು ಅಂತ ಅವರು ಭಾವಿಸಿದ್ದರು. ದಿವಾನರ ಜೊತೆ ಸಮನಾಗಿ ಮಾತಾಡುವವರ ಮನೆ ಅದು. ಆಕೆ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಈ ಕತೆಯನ್ನು ತ್ಯಾಗ ಅಂತ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದನ್ನು ಕೇಳಿದ್ದೇನೆ. ನನಗೆ ಚಪ್ಪಾಳೆ ತಟ್ಟಲು ಕೈ ಬರುವುದಿಲ್ಲ. ನಮ್ಮಂಥ ಮನೆಗಳಲ್ಲಿ ಮೊದಲ ಸಂಬಳಕ್ಕೆ ಕಾದು ಕೂತವರು ಅವ್ವಂದಿರು. ಸಂಬಳ ಎಷ್ಟು ನಿರೀಕ್ಷೆ ಅಂತ ಕೇಳಿದರೆ ನೀವು ಕೊಟ್ಟಷ್ಟು ಅನ್ನಬೇಡಿ. ರೂಮು ಬಾಡಿಗೆ, ಊಟ, ಬಸ್ ಪಾಸು, ಮನೆಗೆ ಕಳಿಸುವುದು ಇಷ್ಟನ್ನು ಹಿಂದಿನ ದಿನವೇ ಕೂಡಿಸಿ ಒಂದು ಅಂಕಿ ಇಟ್ಟುಕೊಂಡು ಬನ್ನಿ. ಅದೇ ಕೆಲಸಕ್ಕೆ ಅಕ್ಕಪಕ್ಕದ ಕಾರ್ಖಾನೆಯಲ್ಲಿ ಏನು ಕೊಡುತ್ತಾರೆ ಅಂತ ಸೀನಿಯರ್‌ಗಳನ್ನು ಕೇಳಿಕೊಂಡಿರಿ. ನಾಚಿಕೆಯಿಂದ ಕಡಿಮೆ ಹೇಳಿದರೆ ಆ ಕಡಿಮೆಯ ಮೇಲೇ ಮುಂದಿನ ವರ್ಷದ ಏರಿಕೆಯೂ ಲೆಕ್ಕವಾಗುತ್ತದೆ. ಇದು ಲೆಕ್ಕದ ವಿಭಾಗದವಳ ಮಾತು.

ಉಳಿದ ಬದುಕು ಎಲ್ಲರಿಗೂ ಗೊತ್ತಿರುವಂಥದ್ದು. 1926ರಿಂದ 1940ರವರೆಗೆ ಮೈಸೂರು ಶಾಸನ ಪರಿಷತ್ತಿನಲ್ಲಿ ಇದ್ದರು. ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್ ಸದಸ್ಯರೂ ಆಗಿದ್ದರು. ಪರೀಕ್ಷೆಯ ಗೇಟು ದಾಟದವರು, ಪರೀಕ್ಷೆ ಹೇಗಿರಬೇಕು ಅಂತ ತೀರ್ಮಾನ ಮಾಡುವ ಸಭೆಯಲ್ಲಿ ಕೂತರು. 1932ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು. ಮೈಸೂರಿನಿಂದ ಮಡಿಕೇರಿಗೆ ದಾರಿ ಅಂದರೆ ಹುಣಸೂರು, ಪಿರಿಯಾಪಟ್ಟಣ ದಾಟಿಕೊಂಡೇ. ಅವರು ನಮ್ಮೂರ ಮುಂದಿನ ರಸ್ತೆಯಲ್ಲೇ ಹೋಗಿರಬೇಕು ಅಂತ ನಾನು ಬಸ್ಸಿನ ಕಿಟಕಿಯಲ್ಲಿ ಕೂತು ಎಷ್ಟೋ ಸಲ ಅಂದುಕೊಂಡಿದ್ದೇನೆ. 1943ರಲ್ಲಿ ಮಂಕುತಿಮ್ಮನ ಕಗ್ಗ ಬಂತು. 1945ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1974ರಲ್ಲಿ ಪದ್ಮಭೂಷಣ. 1975ರ ಅಕ್ಟೋಬರ್ 7ರಂದು ತೀರಿಕೊಂಡರು.

ಫೇಲಾದರೂ ಚಿಂತೆಯಿಲ್ಲ, ಡಿವಿಜಿ ಆಗಬಹುದು ಅಂತ ಇದನ್ನು ಯಾರೂ ಓದಿಕೊಳ್ಳಬಾರದು. ಆ ವರ್ಷ ಮೆಟ್ರಿಕ್ ಫೇಲಾದವರು ನೂರಾರು ಮಂದಿ ಇದ್ದಿರಬೇಕು. ಅವರ ಹೆಸರು ನಮಗೆ ಗೊತ್ತಿಲ್ಲ. ನಾನು ಅವರಿಂದ ತೆಗೆದುಕೊಂಡದ್ದು ಬಹಳ ಚಿಕ್ಕದು. ಸಿಕ್ಕಿದ ಕೆಲಸ ಹಿಡಿದರು. ಅದನ್ನು ಮಾಡುತ್ತಲೇ ಬೇಕಾದ ಕೆಲಸಕ್ಕೆ ಕೈ ಪಳಗಿಸಿಕೊಂಡರು. ಕೇಳಿದವರಿಗೆ ತೋರಿಸಲು ಸರ್ಟಿಫಿಕೇಟಿನ ಬದಲು ಮಾಡಿದ ಕೆಲಸ ಇಟ್ಟುಕೊಂಡಿದ್ದರು.

ತೋರಿಸಲು ಏನಿದೆ ಅನ್ನುವ ಪ್ರಶ್ನೆಯನ್ನು ನಾವು ನಾಲ್ಕು ಜನ ಒಂದು ಭಾನುವಾರ ಹುಣಸೂರಿನಲ್ಲಿ ಸೇರಿ ಹಾಕಿಕೊಂಡೆವು. ಹುಣಸೂರಿನವನು ರಜೆಯಲ್ಲೆಲ್ಲ ಸಾಮಿಲ್‌ನಲ್ಲಿ ಮರದ ಅಳತೆ ಬರೆಯುತ್ತಿದ್ದ. ದಿಮ್ಮಿ ನೋಡಿದರೆ ಎಷ್ಟು ಹಲಗೆ ಬರುತ್ತದೆ ಅಂತ ಬಾಯಲ್ಲೇ ಹೇಳುತ್ತಾನೆ. ಕೆ.ಆರ್. ನಗರದವನು ಮಾವನ ಅಕ್ಕಿ ಗಿರಣಿಯಲ್ಲಿ ಎರಡು ಸುಗ್ಗಿ ತೂಕದ ಚೀಟಿ ಬರೆದವನು. ಇಬ್ಬರ ರೆಸ್ಯೂಮ್‌ನಲ್ಲೂ ಈ ವಿಷಯ ಇರಲಿಲ್ಲ. ಹವ್ಯಾಸ ಸಂಗೀತ ಕೇಳುವುದು ಅಂತ ಇತ್ತು. ಕೋಟೆಯ ಗೆಳತಿ ನನ್ನ ಹತ್ತಿರ ಏನೂ ಇಲ್ಲ ಅಂತ ಹಟ ಹಿಡಿದು ಕೂತಿದ್ದಳು. ತುಂಬಾ ಹೊತ್ತಿನ ಮೇಲೆ, ಅವ್ವನ ಮಹಿಳಾ ಸಂಘದ ಲೆಕ್ಕ ಮಾತ್ರ ಪಿಯುಸಿಯಿಂದ ನಾನೇ ಬರೆಯುತ್ತಿದ್ದೇನೆ ಅಂದಳು. ಹದಿನೈದು ಜನ ಸದಸ್ಯರು. ವಾರದ ಉಳಿತಾಯ, ಒಳಸಾಲ, ಬಡ್ಡಿ, ಕಂತು ತಪ್ಪಿಸಿದವರು. ಬ್ಯಾಂಕಿನ ಪಾಸ್‌ಬುಕ್ಕಿಗೂ ಅವಳ ಪುಸ್ತಕಕ್ಕೂ ಒಂದು ರೂಪಾಯಿ ವ್ಯತ್ಯಾಸ ಬಂದಿಲ್ಲವಂತೆ. ಸಾಲ ಕಟ್ಟದೆ ಜಗಳಕ್ಕೆ ಬಂದ ಚಿಕ್ಕಮ್ಮನ ಮುಂದೆ ಪುಸ್ತಕ ಬಿಚ್ಚಿ ಕೂತು ಸಮಾಧಾನ ಮಾಡಿದ್ದನ್ನೂ ಹೇಳಿದಳು. ಐದು ವರ್ಷದ ಕೆಲಸ. ಇದನ್ನು ಇಟ್ಟುಕೊಂಡು ಅವಳು ಇಲ್ಲ ಸಾರ್ ಅನ್ನುತ್ತಿದ್ದಳು!

ಅವತ್ತೇ ಕೂತು ಅವಳ ರೆಸ್ಯೂಮ್ ಹೊಸದಾಗಿ ಬರೆದೆವು. ದೊಡ್ಡ ಪದ ಹಾಕಲಿಲ್ಲ. ಎಷ್ಟು ಸದಸ್ಯರು, ಎಷ್ಟು ವರ್ಷ, ಏನೇನು ಬರೆಯುತ್ತಿದ್ದೆ, ಇಷ್ಟೇ. ಒಂದು ನಿಮಿಷದಲ್ಲಿ ಹೇಳಿ ಮುಗಿಸುವುದನ್ನು ನಮ್ಮ ಮುಂದೆ ಆರು ಸಲ ಹೇಳಿಸಿದೆವು. ಮೊದಲ ಸಲ ನೆಲ ನೋಡಿಕೊಂಡು ಹೇಳಿದಳು. ಆರನೇ ಸಲಕ್ಕೆ ಚಿಕ್ಕಮ್ಮನ ಜಗಳ ಬಂದಾಗ ಅವಳೇ ನಕ್ಕಳು.

ಹೋದ ವಾರ ನಂಜನಗೂಡಿನ ಕಡೆಯ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗಕ್ಕೆ ಇಂಟರ್‌ವ್ಯೂ ಇತ್ತು. ಅನುಭವ ಕೇಳಿದರಂತೆ. ಸಂಘದ ಪುಸ್ತಕದ ಕತೆ ಹೇಳಿದಳಂತೆ. ಎರಡನೇ ಸುತ್ತಿಗೆ ಮಂಗಳವಾರ ಬರಲು ಫೋನ್ ಬಂದಿದೆ. ಯುಗಾದಿಗೆ ಇನ್ನೂ ಮೂರು ವಾರ ಇದೆ. ಹ್ಯಾಂಡ್‌ಪೋಸ್ಟ್‌ನಲ್ಲಿ ಬೆಳಗಿನ ಮೊದಲ ಬಸ್ಸು ಹಿಡಿದರೆ ಸರಿಯಾದ ಹೊತ್ತಿಗೆ ತಲುಪಬಹುದು ಅಂತ ಲೆಕ್ಕ ಹಾಕಿದ್ದೇವೆ. ಆ ಬಸ್ಸು ಕೈಕೊಟ್ಟರೆ ಅಂತ ಹಿಂದಿನ ರಾತ್ರಿಯೇ ಮೈಸೂರಿನ ನನ್ನ ರೂಮಿಗೆ ಬಂದು ಮಲಗು ಅಂದಿದ್ದೇನೆ. ನಿನ್ನೆ ರಾತ್ರಿ ಮತ್ತೆ ಫೋನ್ ಮಾಡಿ, ಸಂಘದ ಲೆಕ್ಕದ ಪುಸ್ತಕವನ್ನೇ ತೆಗೆದುಕೊಂಡು ಹೋಗಲಾ ಅಂತ ಕೇಳಿದಳು. ಪುಸ್ತಕ ಬೇಡ, ಸದಸ್ಯರ ಹೆಸರು ಕಾಣದ ಹಾಗೆ ಎರಡು ಪುಟದ ಜೆರಾಕ್ಸ್ ಮಾಡಿಸಿಕೋ, ಅದಕ್ಕೂ ಮೊದಲು ಸಂಘದ ಅಧ್ಯಕ್ಷೆಯನ್ನು ಒಂದು ಮಾತು ಕೇಳು ಅಂದೆ. ಅಧ್ಯಕ್ಷೆ ಅಂದರೆ ಆ ಚಿಕ್ಕಮ್ಮನೇ ಅಂತೆ.